ಗಾಡಿ ಪ್ರಶ್ನೋತ್ತರ: ಹಳೇ ಕಾರಿಗೆ ಇಂಜೆಕ್ಷನ್ ಹಾಕಿಸಬೇಕಾ?

ಪ್ರಶ್ನೆ: ಅಣ್ಣಾ, ನಮಸ್ಕಾರ. ಅಪ್ಪಾಜಿ ತಗೊಂಡಿದ್ದ ಕಾಂಟೆಸ್ಸಾ ಕ್ಲಾಸಿಕ್ 1.8 ಪೆಟ್ರೋಲ್ ಗಾಡಿ ಇನ್ನೂ ನಮ್ಮ ಮನೆಯಲ್ಲಿದೆ. ಚಳಿಗಾಲದಲ್ಲಿ ಚೆನ್ನಾಗಿ ಓಡುತ್ತದೆ. ಬೇಸಿಗೆಯಲ್ಲಿ ಮಾತ್ರ ಕಲಬುರಗಿಗೆ ಬಂದು ಸೂಪರ್ ಮಾರ್ಕೆಟ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟೇ ಆಗಲ್ಲ. ಪೆಟ್ರೋಲ್ ವಾಸನೆ ಬರುತ್ತದೆ. ಮಿಸ್ತ್ರಿ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹೋಗಿದೆ ಅಂತಾರೆ. ಹೈದರಾಬಾದಿನ ಗೆಳೆಯ ಅದನ್ನು ಕಿತ್ತು ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಹಾಕಿಸು ಅಂತಾನೆ. ಯಾರ ಮಾತು ಕೇಳಲಿ?
– ಹುಮನಾಬಾದಿನ ಓದುಗರು

ಉತ್ತರ: ಕಾರ್ಬೊರೇಟರ್ ಹೋಗಿದ್ದರೆ ಚಳಿಗಾಲದಲ್ಲೂ ಗಾಡಿ ಕಾಟ ಕೊಡಬೇಕಿತ್ತು ಅಲ್ವಾ? ಬೇಸಿಗೆಯಲ್ಲಿ ಮಾತ್ರ, ಅದೂ ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಮಾತ್ರ ಅಂದರೆ ಇದು ಶಾಖದ ಕಾಯಿಲೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42–43 ಡಿಗ್ರಿ ಬಿಸಿಲು. ಗಾಡಿ ಓಡುವಾಗ ಗಾಳಿ ಆಡುತ್ತದೆ, ಟ್ಯಾಂಕಿನಿಂದ ತಣ್ಣನೆ ಪೆಟ್ರೋಲ್ ಬರುತ್ತಲೇ ಇರುತ್ತದೆ. ನಿಲ್ಲಿಸಿದ ಕೂಡಲೇ ಎರಡೂ ಬಂದ್. ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಕೂಡಿಸಿದ ಗಾಳಿ, ಹೊಗೆಯ ಪೈಪುಗಳ) ಶಾಖವೆಲ್ಲ ಮೇಲೇರಿ ಕಾರ್ಬೊರೇಟರ್ ಬೌಲಿನಲ್ಲಿರುವ ಪೆಟ್ರೋಲ್ ಕುದಿಯುತ್ತದೆ.

ಮುಂದಿನ ಸಲ ಹೀಗಾದಾಗ ಸುಮ್ನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಏರ್ ಕ್ಲೀನರ್ ತೆಗೆದು ಟಾರ್ಚ್ ಬಿಟ್ಟು ಕಾರ್ಬೊರೇಟರಿನ ಬಾಯೊಳಗೆ ನೋಡಿ. ಹತ್ತಿರ ಬೀಡಿ, ಸಿಗರೇಟ್ ಹಚ್ಚಿದವರು ಯಾರೂ ಇರಬಾರದು. ಎಂಜಿನ್ ನಿಂತಿದ್ದರೂ ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಬೌಲ್ ಕುದಿದು ಒಳಗೆ ಸುರಿಯುತ್ತಿದೆ ಎಂದರ್ಥ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡಬೇಡಿ) ಸೆಲ್ಫ್ ಹೊಡೆಯಿರಿ, ಗಾಳಿ ಜಾಸ್ತಿ ಹೋಗಿ ಎಂಜಿನ್ ಹತ್ತಿಕೊಳ್ಳುತ್ತದೆ. ಅದರ ಬದಲು, ಕೈಯಿಂದ ಲಿಂಕೇಜ್ (ಆಕ್ಸಿಲರೇಟರಿನ ಕಡ್ಡಿ) ಎಳೆದರೂ ಒಳಗೆ ಪೆಟ್ರೋಲ್ ಚಿಮ್ಮದಿದ್ದರೆ ಬೌಲ್ ಖಾಲಿ. ಪೈಪಿನಲ್ಲೋ ಎಸಿ ಪಂಪಿನಲ್ಲೋ (ಎಂಜಿನ್ ಓಡಿಸುವ ಹಳೇ ಪೆಟ್ರೋಲ್ ಪಂಪ್, ಏರ್ ಕಂಡೀಷನರಿನದ್ದಲ್ಲ) ಆವಿ ತುಂಬಿಕೊಂಡು ಪೆಟ್ರೋಲ್ ಮುಂದೆ ಬರುತ್ತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಔಷಧಿ. ವಾಸನೆ ಬರುತ್ತದೆ ಅಂತ ನೀವು ಬರೆದಿರುವುದರಿಂದ ನನಗೆ ಮೊದಲನೆಯದರ ಮೇಲೇ ಅನುಮಾನ.

ಮೊದಲನೆಯದಾದರೆ ಬೌಲಿನಲ್ಲಿ ಪೆಟ್ರೋಲ್ ಎಷ್ಟು ನಿಲ್ಲಬೇಕು ಅಂತ ಕಾಯುವ ಫ್ಲೋಟ್ ಲೆವೆಲ್ ಮತ್ತು ನೀಡಲ್ ವಾಲ್ವ್ ನೋಡಿಸಿ. ಕಾರ್ಬೊರೇಟರ್ ಕೆಳಗೆ ದಪ್ಪ ಬೇಕಲೈಟ್ ಸ್ಪೇಸರ್ ಕೂರಿಸಿ, ಕಾರ್ಬೊರೇಟರಿಗೂ ಸೈಲೆನ್ಸರ್ ಮ್ಯಾನಿಫೋಲ್ಡಿಗೂ ನಡುವೆ ತಗಡಿನ ಮರೆ ಕಟ್ಟಿಸಿ. ಎರಡನೆಯದಾದರೆ ಪೈಪನ್ನು ಬಿಸಿ ಭಾಗಗಳಿಂದ ದೂರ ಎಳೆಸಿ, ಟ್ಯಾಂಕಿನ ಹತ್ತಿರ ಕಡಿಮೆ ಪ್ರೆಶರಿನ ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಕಟ್ಟಿಕೊಂಡಿಲ್ಲವಾ ನೋಡಿ. ಇಷ್ಟು ಮಾಡಿದರೆ ಬಹಳ ಗಾಡಿಗಳು ಬೇಸಿಗೆ ದಾಟುತ್ತವೆ. ಗಾಡಿ ತಿಂಗಳಿಗೊಮ್ಮೆ ಹೊರಗೆ ಬರುವುದಾದರೆ ಇಲ್ಲಿಗೇ ನಿಲ್ಲಿಸಿ ಅಂತಲೇ ನನ್ನ ಸಲಹೆ.

ಪ್ರಶ್ನೆ: ಸರ್, ನನ್ನದೂ ಕಾಂಟೆಸ್ಸಾನೇ, ದಿನಾ ಓಡಿಸುತ್ತೇನೆ. ಇಂಜೆಕ್ಷನ್ ಮಾಡಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎಲ್ಲಿಂದ ಶುರು ಮಾಡಲಿ, ಯಾವ ಸಾಮಾನು ತರಲಿ?
– ಕಲಬುರಗಿಯ ಓದುಗರು

ಉತ್ತರ: ದಿನಾ ಓಡಿಸುವವರಿಗೆ ಇದು ಮಾಡಿಸುವಂಥ ಕೆಲಸವೇ. ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಕುದಿಯುವುದು ಕಡಿಮೆ. ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತಾ ಇರುವುದರಿಂದ ಪೈಪೂ ತಣ್ಣಗಿರುತ್ತದೆ. ನಮ್ಮ ಊರಿನ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಆದರೆ ಸಾಮಾನು ಆರ್ಡರ್ ಮಾಡುವ ಮೊದಲು ಎಂಜಿನ್ ಆರೋಗ್ಯ ನೋಡಿ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಸಿ, ಒಂದಕ್ಕೊಂದು ಹತ್ತು–ಹದಿನೈದು ಪರ್ಸೆಂಟ್ ಒಳಗೆ ಇರಬೇಕು. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಕೊಟ್ಟು ಐಡ್ಲಿಂಗ್‌ನಲ್ಲಿ ನೋಡಿ. ಸಮುದ್ರ ಮಟ್ಟದಲ್ಲಿ ಗಟ್ಟಿ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಕಲಬುರಗಿ 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಒಂದೂವರೆ ಇಂಚು ಕಡಿಮೆ ಬಂದರೆ ಗಾಬರಿ ಬೇಡ. ಮುಳ್ಳು ಅಲುಗಾಡದೆ ನಿಂತಿರಬೇಕು, ಅದು ಮುಖ್ಯ. ಪ್ಯಾಕಿಂಗಿನಲ್ಲಿ ಗಾಳಿ ಎಳೆಯುವ, ವಾಲ್ವ್ ಸುಟ್ಟ, ಡಿಸ್ಟ್ರಿಬ್ಯೂಟರ್ ಶಾಫ್ಟ್ ಸಡಿಲಾದ ಎಂಜಿನ್ನಿಗೆ ಇಂಜೆಕ್ಷನ್ ಹಾಕಿದರೆ ಕಂಪ್ಯೂಟರ್ ಆ ತಪ್ಪು ಲೆಕ್ಕವನ್ನೇ ನಿಜ ಅಂತ ನಂಬಿ ಪೆಟ್ರೋಲ್ ಸುರಿಯುತ್ತದೆ. ಆಮೇಲೆ ಇಂಜೆಕ್ಷನ್ನೇ ಸರಿಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೀರಿ.

ಸಾಮಾನಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ನಿಮ್ಮ ಗಾಡಿಯಲ್ಲಿರುವುದು 1817 ಸಿಸಿಯ ಇಸುಜು ಎಂಜಿನ್. ಕಾಂಟೆಸ್ಸಾ 2002ರಲ್ಲಿ ನಿಂತರೂ ಇದೇ ಎಂಜಿನ್ ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲಿ ಮುಂದುವರಿಯಿತು, ಅದಕ್ಕೆ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರೇ ಎಂಪಿಎಫ್ಐ (ಒಂದೊಂದು ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ ಇಂಜೆಕ್ಷನ್) ಕೊಟ್ಟರು. ಅಂದರೆ ಇಂಟೇಕ್ ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ, ಇಂಜೆಕ್ಟರ್ ಕೂರುವ ಜಾಗ, ಸೆನ್ಸರ್ ಎಲ್ಲ ಈ ಎಂಜಿನ್ನಿಗಾಗಿ ಒಮ್ಮೆ ತಯಾರಾಗಿವೆ. ಹೈದರಾಬಾದ್, ಸೊಲ್ಲಾಪುರದ ಗುಜರಿಯಲ್ಲಿ ಮೊದಲು ಇದನ್ನು ಹುಡುಕಿ. ಹುಡುಕುವಾಗ ನಿಮ್ಮ ಮ್ಯಾನಿಫೋಲ್ಡ್ ಪ್ಯಾಕಿಂಗ್ ಜೊತೆಗೇ ಒಯ್ದು ಅಲ್ಲೇ ಇಟ್ಟು ನೋಡಿ: ಪೋರ್ಟು, ಬೋಲ್ಟಿನ ತೂತು ಕೂಡಬೇಕು. ಕೂಡದಿದ್ದರೆ ದುಡ್ಡು ಕೊಡಬೇಡಿ. ಸಿಗದಿದ್ದರೆ ಹಳೇ ಮ್ಯಾನಿಫೋಲ್ಡಿಗೇ ಇಂಜೆಕ್ಟರ್ ಬುಷ್ ಬೆಸುಗೆ ಹಾಕಿಸಬಹುದು. ಲೇತ್ ಕೆಲಸ ನಮ್ಮಲ್ಲಿ ಚೆನ್ನಾಗಿ ಆಗುತ್ತದೆ. ಅಲ್ಯೂಮಿನಿಯಮ್ಮಿನ ಟಿಗ್ ವೆಲ್ಡಿಂಗ್ ಮಾತ್ರ ಕೈ ಪಳಗಿದವರ ಹತ್ತಿರವೇ ಮಾಡಿಸಿ, ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದಲ್ಲಿ ಬೆಸುಗೆ ಸುಲಭಕ್ಕೆ ನಿಲ್ಲುವುದಿಲ್ಲ.

ಇಂಜೆಕ್ಟರ್ ಎಷ್ಟು ದೊಡ್ಡದು ಬೇಕು ಅಂತ ಬಹಳ ಜನ ಕೇಳುತ್ತಾರೆ. ಪೆಟ್ರೋಲ್ ಎಂಜಿನ್ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಕುಡಿಯುತ್ತದೆ. ನಿಮ್ಮದು 88 ಅಂತ ಹಿಡಿದರೆ 44 ಪೌಂಡ್. ನಾಲ್ಕು ಇಂಜೆಕ್ಟರಿಗೆ ಹಂಚಿ, ಇಂಜೆಕ್ಟರನ್ನು ಎಂಬತ್ತು ಪರ್ಸೆಂಟಿಗಿಂತ ಜಾಸ್ತಿ ದುಡಿಸಬಾರದು ಅಂತ ಲೆಕ್ಕ ಹಾಕಿದರೆ ಒಂದೊಂದಕ್ಕೆ 14 ಪೌಂಡ್ ಹತ್ತಿರ, ಅಂದರೆ ನಿಮಿಷಕ್ಕೆ 145 ಸಿಸಿ. ಎಥನಾಲ್ ಪೆಟ್ರೋಲಿಗೆ ಇನ್ನಷ್ಟು ಬೇಕು. 160ರಿಂದ 180 ಸಿಸಿ ಇಂಜೆಕ್ಟರ್ ಸಾಕು. ದೊಡ್ಡದು ಹಾಕಿದರೆ ಪವರ್ ಬರುವುದಿಲ್ಲ, ಐಡ್ಲಿಂಗ್ ಕೆಡುತ್ತದೆ ಅಷ್ಟೇ.

ಈಗ ಅಸಲು ವಿಷಯ. ಇಂಜೆಕ್ಷನ್ ಅಂದರೆ ಎಲ್ಲರ ಕಣ್ಣೂ ಕಂಪ್ಯೂಟರ್ ಮೇಲೆ. ಗಾಡಿ ದಾರಿಯಲ್ಲಿ ನಿಲ್ಲುವುದು ಅದರಿಂದಲ್ಲ, ಟ್ಯಾಂಕು, ಪೈಪು, ವಯರಿನಿಂದ. ಗಾಡಿಗೆ ಬೆಂಕಿ ಹತ್ತುವುದೂ ಅಲ್ಲಿಂದಲೇ. ಎಸಿ ಪಂಪ್ ಕೊಡುತ್ತಿದ್ದದ್ದು 3–4 ಪಿಎಸ್ಐ, ಈಗ ಅದೇ ಪೈಪಿನಲ್ಲಿ 43 ಪಿಎಸ್ಐ (ಆಗ ಹೇಳಿದ 3 ಬಾರ್). ಹಳೇ ರಬ್ಬರ್ ಹೋಸು, ಸ್ಕ್ರೂ ತಿರುಗಿಸುವ ಸಾದಾ ಕ್ಲಿಪ್ಪು ಇದನ್ನು ತಡೆಯುವುದಿಲ್ಲ. ಹೋಸಿನ ಮೇಲೆ ಎಸ್ಎಇ ಜೆ30 ಆರ್9 ಅಂತ ಅಚ್ಚಾಗಿರಬೇಕು, ಕ್ಲಿಪ್ಪೂ ಇಂಜೆಕ್ಷನ್ನಿನದ್ದೇ ಇರಬೇಕು. ಇಲ್ಲಿ ಉಳಿಸಿದ ನೂರು ರೂಪಾಯಿ ಇಡೀ ಗಾಡಿಯನ್ನು ತಿಂದುಹಾಕುತ್ತದೆ, ದಯವಿಟ್ಟು ಉಳಿಸಬೇಡಿ.

ಟ್ಯಾಂಕನ್ನು ಇಳಿಸಲೇಬೇಕು. ಇಷ್ಟು ವರ್ಷದ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಇಲ್ಲ ಅಂದರೆ ನಾನು ನಂಬುವುದಿಲ್ಲ. ಕಾರ್ಬೊರೇಟರ್ ನುಂಗುತ್ತಿದ್ದ ಕಸವನ್ನು ಇಂಜೆಕ್ಟರ್ ನುಂಗುವುದಿಲ್ಲ. ತೊಳೆಸಿ, ರಿಟರ್ನ್ ಪೈಪಿಗೆ ಜಾಗ ಮಾಡಿಸಿ, ಪಂಪಿಗೆ ಮೊದಲು 100 ಮೈಕ್ರಾನ್, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್ ಹಾಕಿಸಿ. ಪಂಪ್ ಟ್ಯಾಂಕಿನ ಒಳಗೇ ಕೂತರೆ ಒಳ್ಳೇದು, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಹೊರಗೆ ಹಾಕುವುದಾದರೆ ಟ್ಯಾಂಕಿನ ತಳದ ಮಟ್ಟಕ್ಕೆ ಇರಲಿ, ಮೇಲಲ್ಲ. ಇಂಜೆಕ್ಷನ್ ಪಂಪಿಗೆ ತಳ್ಳುವ ಶಕ್ತಿ ಇದೆ, ಎಳೆಯುವ ಶಕ್ತಿ ಇಲ್ಲ. ವೆಲ್ಡಿಂಗ್ ಬೇಕಾದರೆ ಟ್ಯಾಂಕ್ ಕೆಲಸ ಗೊತ್ತಿರುವವರ ಹತ್ತಿರ ಮಾತ್ರ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಪಂಪಿನ ವಯರನ್ನು ಹಳೇ ಹಾರ್ನೆಸ್ಸಿನಿಂದ ಕದಿಯಬೇಡಿ. ಬ್ಯಾಟರಿಯಿಂದ ದಪ್ಪ ವಯರ್, ಫ್ಯೂಸ್, ರಿಲೇ. ಆ ರಿಲೇ ಕಂಪ್ಯೂಟರ್ ಹೇಳಿದಂತೆ ಕೇಳಬೇಕು: ಕೀ ತಿರುಗಿಸಿದಾಗ ಒಂದೆರಡು ಸೆಕೆಂಡ್ ಓಡಿ ನಿಲ್ಲಬೇಕು, ಎಂಜಿನ್ ತಿರುಗಿದರೆ ಮಾತ್ರ ಮತ್ತೆ ಓಡಬೇಕು. ಅಪಘಾತವಾಗಿ ಎಂಜಿನ್ ನಿಂತರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಏನಾಗುತ್ತದೆ ಯೋಚಿಸಿ. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಒಂದು ಪರೀಕ್ಷೆ ಮಾಡಿಸಿ. ಪಂಪ್ ಓಡುತ್ತಿರುವಾಗ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪಂಪಿನ ಪ್ಲಸ್ಸಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಡುವೆ ಎಲ್ಲೋ ವಯರೋ ಜಾಯಿಂಟೋ ಕರೆಂಟ್ ತಿನ್ನುತ್ತಿದೆ. ಅರ್ಥ್ ಕಡೆಗೂ ಹೀಗೇ ನೋಡಿ. ಹಳೇ ಗಾಡಿಯಲ್ಲಿ ಹತ್ತರಲ್ಲಿ ಏಳೆಂಟು ತಲೆನೋವು ಅರ್ಥಿಂಗಿನದ್ದೇ.

ಪ್ರಶ್ನೆ: ನಮ್ಮ ಕಾಕಾ ಹೈದರಾಬಾದಿನಲ್ಲಿ 1968ರ ಫೋರ್ಡ್ ಮಸ್ಟಾಂಗ್ ಇಟ್ಟಿದ್ದಾರೆ, 302 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ನಾಲ್ಕು ಬ್ಯಾರೆಲ್ ಕಾರ್ಬೊರೇಟರ್ ತೆಗೆದು ಅದೇ ಜಾಗಕ್ಕೆ ಕೂರುವ, ತಾನೇ ಕಲಿಯುವ ಇಂಜೆಕ್ಷನ್ ಕಿಟ್ ಹಾಕಿಸಿದರು. ಐಡ್ಲಿಂಗ್ ಏರಿಳಿಯುತ್ತದೆ, ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲ್ ವಾಸನೆ. ಕಿಟ್ ಕೆಟ್ಟಿದೆಯಾ?
– ಬೀದರ್‌ನ ಓದುಗರು

ಉತ್ತರ: ಕಿಟ್ ಮೇಲೆ ತಪ್ಪು ಹೊರಿಸುವ ಮೊದಲು, ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಕಂಪ್ಯೂಟರಿಗೆ ಹೇಳುವ ಆಕ್ಸಿಜನ್ ಸೆನ್ಸರಿನ ಹತ್ತಿರ ಹೋಗಿ. ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಬರುತ್ತದೆ, ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಗಿದೆ ಅನ್ನುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಹಸಿ ವಾಸನೆಗೆ ಇದೇ ದೊಡ್ಡ ಕಾರಣ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಮ್ಯಾನಿಫೋಲ್ಡ್ ಜಾಯಿಂಟಿನ ಹತ್ತಿರ ಕಿವಿ ಕೊಟ್ಟರೆ ಟಿಕ್ ಟಿಕ್ ಶಬ್ದ ಕೇಳುತ್ತದೆ. ಸೆನ್ಸರ್ ಅಡ್ಡ ಅಥವಾ ಕೆಳಮುಖವಾಗಿ ಕೂತಿದ್ದರೆ ಅದೂ ತಪ್ಪು, ಪೈಪಿನೊಳಗಿನ ನೀರು ಅದರ ಮೇಲೆ ಬಿದ್ದು ಕೊಲ್ಲುತ್ತದೆ. ತಲೆ ಮೇಲಾಗಿ ಓರೆಯಾಗಿ ಇರಬೇಕು.

ಏರಿಳಿಯುವ ಐಡ್ಲಿಂಗಿಗೆ ಎರಡು ಕಡೆ ನೋಡಿ: ಥ್ರಾಟಲ್ ಬಾಡಿ ಕೆಳಗಿನ ಪ್ಯಾಕಿಂಗ್ ಗಾಳಿ ಎಳೆಯುತ್ತಿರಬಹುದು, ಅಥವಾ ಐಡಲ್ ಸ್ಕ್ರೂ ಸರಿಯಾಗಿ ಕೂರಿಸಿಲ್ಲ. ಎಂಜಿನ್ ಪೂರ್ತಿ ಬಿಸಿಯಾದಾಗ ಐಡ್ಲಿಂಗಿಗೆ ಗಾಳಿ ಬಿಡುವ ಐಡಲ್ ಮೋಟರ್ ಬಹುತೇಕ ಮುಚ್ಚಿರಬೇಕು, ಆ ಲೆಕ್ಕಕ್ಕೆ ಸ್ಕ್ರೂ ತಿರುಗಿಸಬೇಕು. ತಾನೇ ಕಲಿಯುವುದೂ ಎಂಜಿನ್ ಬಿಸಿಯಾದ ಮೇಲೇ. ಮನೆ ಮುಂದೆ ತಣ್ಣಗೆ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದರೆ ಅದು ಏನೂ ಕಲಿಯುವುದಿಲ್ಲ. ಒಮ್ಮೆ ರಿಂಗ್ ರೋಡಿನಲ್ಲಿ ನಿಧಾನಕ್ಕೂ ಜೋರಾಗಿಯೂ ಓಡಿಸಿ ಅಂತ ಕಾಕಾಗೆ ಹೇಳಿ.

ಇನ್ನೊಂದು, ಪ್ಲಗ್ ವಯರುಗಳು. ಹಳೇ ಕಾಲದ ತಾಮ್ರದ ತಂತಿಯ ಪ್ಲಗ್ ವಯರ್ ಇದ್ದರೆ ಅದರ ವಿದ್ಯುತ್ ಕಿರಿಕಿರಿಗೆ ಕಂಪ್ಯೂಟರ್ ದಿಕ್ಕು ತಪ್ಪುತ್ತದೆ. ರೆಸಿಸ್ಟರ್ ವಯರ್, ರೆಸಿಸ್ಟರ್ ಪ್ಲಗ್ ಹಾಕಿಸಿ, ಕಂಪ್ಯೂಟರಿನ ವಯರನ್ನು ಕಾಯಿಲ್ಲಿನಿಂದ ದೂರ ಎಳೆಸಿ. ಹಳೇ ಅಮೆರಿಕನ್ ಗಾಡಿಗೂ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿಗೂ ಮೊದಲಿಂದ ಈ ಜಗಳ ಇದೆ. 1958ರಲ್ಲೇ ಕ್ರೈಸ್ಲರ್ ಕೆಲವು ಕಾರುಗಳಿಗೆ ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ಟಿತ್ತು, ಬಾಳಿಕೆ ಬರಲಿಲ್ಲ, ಹೆಚ್ಚಿನವು ಮತ್ತೆ ಕಾರ್ಬೊರೇಟರಿಗೇ ಮರಳಿದವು. 1967ರಲ್ಲಿ ಬಾಷ್‌ನ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್‌ಗೆ ಬಂದ ಮೇಲೇ ಇದು ನೆಲೆ ನಿಂತದ್ದು.

ಪ್ರಶ್ನೆ: ಇಂಜೆಕ್ಷನ್ ಹಾಕಿಸಿದರೆ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲಿನ ಚಿಂತೆ ಮುಗಿಯಿತಾ?
– ಸೇಡಂ ಓದುಗರು

ಉತ್ತರ: ಅರ್ಧ ಮುಗಿಯಿತು. ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕಾದರೆ ಇ20ಗೆ ಸುಮಾರು 13.5 ಸಾಕು. ಕಾರ್ಬೊರೇಟರಿನ ಜೆಟ್ಟಿಗೆ ಇದು ತಿಳಿಯುವುದಿಲ್ಲ, ಹಳೇ ಜೆಟ್ಟಿನಲ್ಲಿ ಗಾಡಿ ಪೆಟ್ರೋಲ್ ಸಾಲದೆ ಬಿಸಿಯಾಗಿ ಓಡುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ರಬ್ಬರ್ ಮೆತ್ತಗಾಗುವುದು, ಟ್ಯಾಂಕಿಗೆ ನೀರು ಸೇರಿ ತುಕ್ಕು ಹಿಡಿಯುವುದು ಇದ್ದೇ ಇದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಇ20 ತುಂಬಿಸಿಟ್ಟು ಮರೆಯಬೇಡಿ.

ಪ್ರಶ್ನೆ: ಆರ್‌ಟಿಒದವರು ತಕರಾರು ಮಾಡುತ್ತಾರಾ?
– ಯಾದಗಿರಿ ಓದುಗರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಇಂಜೆಕ್ಷನ್ ಹಾಕಿದರೆ ಎಂಜಿನ್ ನಂಬರ್, ಸಿಸಿ, ಇಂಧನ ಯಾವುದೂ ಬದಲಾಗುವುದಿಲ್ಲ, ನಿಜ. ಹಾಗಂತ ಸುಮ್ನಿರಬೇಡಿ. ಕೆಲಸ ಶುರು ಮಾಡುವ ಮೊದಲೇ ನಿಮ್ಮ ಆರ್‌ಟಿಒಗೆ ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಎಂಜಿನ್ನನ್ನೇ ಬೇರೆ ಕಂಪನಿಯದಕ್ಕೆ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಬಿಡಿ.

ಪ್ರಶ್ನೆ: ಅಣ್ಣಾ, ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೀನಿ. ಹಳೇ ಗಾಡಿಗಳ ಇಂಜೆಕ್ಷನ್ ಕೆಲಸ ಕಲಿಯಬೇಕು. ಮೊದಲು ಯಾವ ಟೂಲ್ ತಗೊಳ್ಳಲಿ?
– ಶಹಾಪುರದ ಓದುಗರು

ಉತ್ತರ: ತಮ್ಮಾ, ಬಹಳ ಖುಷಿಯಾಯಿತು. ನಮ್ಮ ಭಾಗಕ್ಕೆ ನಿನ್ನಂಥವರು ಬೇಕು, ಇಂಥ ಕೆಲಸಕ್ಕೆ ಜನ ಇನ್ನೂ ಹೈದರಾಬಾದಿಗೇ ಓಡುತ್ತಿದ್ದಾರೆ. ಸ್ಕ್ಯಾನರ್, ಲ್ಯಾಪ್‌ಟಾಪ್ ಆಮೇಲೆ ತಗೋ. ಮೊದಲು ಒಳ್ಳೇ ಮಲ್ಟಿಮೀಟರ್, ವ್ಯಾಕ್ಯೂಮ್ ಗೇಜ್, ಪೆಟ್ರೋಲ್ ಪ್ರೆಶರ್ ಗೇಜ್. ಈ ಮೂರರಿಂದಲೇ ಅರ್ಧ ಗಾಡಿಗಳ ಕಾಯಿಲೆ ಸಿಗುತ್ತದೆ. ಕಾರ್ಬೊರೇಟರ್ ಬಿಚ್ಚಿ ಕೂಡಿಸುವುದನ್ನೂ ಹಿರಿಯ ಮಿಸ್ತ್ರಿಯವರ ಹತ್ತಿರ ಪೂರ್ತಿ ಕಲಿ, ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಬೇಕು ಅನ್ನೋದು ಅಲ್ಲೇ ಕೈಗೆ ಹತ್ತುವುದು. ಇಂಜೆಕ್ಷನ್ ಗಾಡಿಯ ಹೋಸ್ ಮಾತ್ರ ಕಾರ್ಬೊರೇಟರ್ ಗಾಡಿಯ ಹಾಗೆ ಸೀದಾ ಎಳೆಯಬೇಡ, ಕಣ್ಣಿಗೆ ಹಾರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಓಡಿಸಿ ತಾನಾಗಿ ನಿಲ್ಲುವವರೆಗೆ ಬಿಡು, ಬ್ಯಾಟರಿ ಬಿಚ್ಚು, ಜಾಯಿಂಟಿಗೆ ಬಟ್ಟೆ ಸುತ್ತಿ ಆಮೇಲೆ ಸಡಿಲಿಸು.