ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಹಾವೇರಿ ಕಡೆಯ ತಾಯಿ, ಮಗಳು ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಮಗಳಿಗೆ 16 ವರ್ಷ. ಧಾರವಾಡದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. "ಅಕ್ಕಾರ, ನಾಕ ತಿಂಗಳಾತು ಇಕಿ ಮುಟ್ಟಾಗಿಲ್ಲ. ಮುಂದ ಮಕ್ಕಳಾಗತಾವೋ ಇಲ್ಲೋ?" ತಾಯಿ ಕೇಳುತ್ತಿದ್ದರೆ ಹುಡುಗಿ ತಲೆ ಎತ್ತಲೇ ಇಲ್ಲ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಈ ವಯಸ್ಸಿನವರ ಜೊತೆ ಒಬ್ಬರೇ ಇದ್ದಾಗ ಮಾತಾಡಲೇಬೇಕು. ಗರ್ಭದ ಬಗ್ಗೆಯೂ ಕೇಳಿದೆ, ಇದನ್ನು ಎಲ್ಲರಿಗೂ ಕೇಳುತ್ತೇನೆ ಅಂತ ಹೇಳಿಯೇ. ಅಂಥದ್ದೇನೂ ಇರಲಿಲ್ಲ. "ಎಲ್ಲಾರೂ ಡುಮ್ಮಿ ಅಂತಿದ್ರು ರೀ" ಅಂದಳು. ಬೆಳಿಗ್ಗೆ ತಿಂಡಿ ಇಲ್ಲ, ರಾತ್ರಿ ಅರ್ಧ ರೊಟ್ಟಿ. ಆರು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊಟ ಸಾಲದೆ ತೂಕ ಬೇಗ ಇಳಿದರೆ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಮುಟ್ಟು ನಿಲ್ಲಬಹುದು. ಹೊಟ್ಟೆ ತುಂಬಾ ಉಂಡು ತೂಕ ಸರಿಹೋದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ನನಗೆ ಮಕ್ಕಳ ಚಿಂತೆಗಿಂತ ಇದರದ್ದೇ ಜಾಸ್ತಿ.

ಆದರೆ ನಾನು ಡಾಕ್ಟರಲ್ಲ, ಕಾರಣ ಇದೇ ಅಂತ ಹೇಳುವಂತಿಲ್ಲ. ಮೊದಲ ಎರಡು ಮೂರು ವರ್ಷ ಮುಟ್ಟಿನ ತಾರೀಖು ಹಿಂದೆಮುಂದೆ ಆಗುವುದು ಮಾಮೂಲಿ. ಆದರೆ 90 ದಿನ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು), ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎಲ್ಲವನ್ನೂ ಅವರು ನೋಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಅಲ್ಲಿಗೆ ಹೋಗಿ ಅಂದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದು ನುಂಗಿಸಬೇಡಿ ಅಂತಲೂ ಹೇಳಿದೆ.

ಪಿಸಿಓಡಿ ಅಂದ ಕೂಡಲೇ ತಾಯಿಯ ಮುಖ ಬಾಡಿತು. ಪಿಸಿಓಡಿ ಇರುವ ಬಹಳಷ್ಟು ಹೆಣ್ಣುಮಕ್ಕಳು ತಾಯಂದಿರಾಗುತ್ತಾರೆ, ಕೆಲವರಿಗೆ ಔಷಧಿ ಬೇಕಾಗುತ್ತದೆ ಅಷ್ಟೇ. ಈ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಒಂದನ್ನೇ ನೋಡಿ ಪಿಸಿಓಡಿ ಅಂತ ತೀರ್ಮಾನಿಸುವುದೂ ಸರಿಯಲ್ಲ. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಾಣುವುದು ಈ ವಯಸ್ಸಿಗೆ ಸಹಜ.

"ಮದುವಿ ಮಾಡಿದ್ರ ಸರಿ ಹೊಕ್ಕೈತಿ ಅಂತಾರ್ರೀ ನಮ್ಮತ್ತಿ." ಇದಕ್ಕೆ ನಾನು ಕಡ್ಡಿ ಮುರಿದಂತೆ ಉತ್ತರ ಕೊಟ್ಟೆ. ಮದುವೆ ಇದಕ್ಕೆ ಔಷಧಿಯಲ್ಲ, 18 ತುಂಬುವ ಮೊದಲು ಮಾಡಿದರೆ ಅಪರಾಧ. ಮಕ್ಕಳಾಗುವ ಮಾತನ್ನು ಹುಡುಗಿಯ ಮುಂದೆ ಎತ್ತಬೇಡಿ, ಅವಳ ತೂಕದ ಬಗ್ಗೆ ಯಾರೂ ಚೇಷ್ಟೆ ಮಾಡದ ಹಾಗೆ ನೋಡಿಕೊಳ್ಳಿ ಅಂದೆ.

ರಕ್ತಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ತೂಕ ಇಳಿದದ್ದೇ ಕಾರಣ ಅಂದರು ಡಾಕ್ಟರು. ಈಗ ಮನೆಯಿಂದ ಶೇಂಗಾ ಚಟ್ನಿ, ಉಂಡಿ ಹಾಸ್ಟೆಲಿಗೆ ಹೋಗುತ್ತಿವೆ. ಮೂರನೇ ತಿಂಗಳಿಗೆ ಮುಟ್ಟಾದಳು. ಊಟದ ಭಯ ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ಅವಳು ನನ್ನ ಹತ್ತಿರ ಬರುತ್ತಿದ್ದಾಳೆ.