ಕೀಮೋ ನಡೀತಿರುವಾಗ ಕಿಡ್ನಿಗೆ ಅಂತ ಕಷಾಯ ಕೊಡಬಹುದಾ?

ಪ್ರಶ್ನೆ: ನಮ್ಮ ಅಪ್ಪಯ್ಯಂಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಗಿ ಈಗ ರೇಡಿಯೇಶನ್ ಜೊತೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಡ್ರಿಪ್ ಹಾಕ್ತಿದ್ದಾರೆ. ಕಿಡ್ನಿ ಸರಿ ಕೆಲಸ ಮಾಡದಿದ್ರೆ ರಕ್ತದಲ್ಲಿ ಏರೋ ಕ್ರಿಯಾಟಿನಿನ್ 0.9 ಇದ್ದದ್ದು 1.3 ಆಗಿದೆ. ಗಿಡದ ಸಾರ ಕುಡಿಸಿದ ಇಲಿಗಳ ಕಿಡ್ನಿ ಉಳೀತು ಅಂತ ಓದಿದೆ. ನಮ್ಮ ಹಿತ್ತಲಲ್ಲೇ ಕೊಮ್ಮೆ (ಪುನರ್ನವ) ಗಿಡ ಇದೆ, ಅರಿಶಿನ ಹಾಕಿ ಕಷಾಯ ಮಾಡಿ ಕೊಡಲಾ?
– ಓದುಗರು, ತೀರ್ಥಹಳ್ಳಿ ಹತ್ತಿರ

ಉತ್ತರ: ಈಗ ಕೊಡಬೇಡಿ ತಂಗಿ. ನೀವು ಓದಿದ್ದು ಸುಳ್ಳಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಿಸ್‌ಪ್ಲಾಟಿನ್ ಅಂದ್ರೆ ಪ್ಲಾಟಿನಂ ಲೋಹದಿಂದ ಮಾಡಿದ ಕೀಮೋ ಔಷಧಿ, 1978ರಿಂದ ಬಳಕೇಲಿದೆ. ಕಿಡ್ನಿ ಇದನ್ನ ಹೊರಗೆ ಹಾಕೋಕೆ ಹೋಗಿ ತನ್ನ ಸಣ್ಣ ನಳಿಕೆಗಳ ಜೀವಕೋಶದೊಳಗೇ ತುಂಬಿಕೊಂಡುಬಿಡುತ್ತೆ, ಅಲ್ಲಿ ಆಕ್ಸಿಡೇಶನ್, ಅಂದ್ರೆ ತುಕ್ಕು ಹಿಡಿಯೋ ಥರದ ಹಾನಿ, ಜಾಸ್ತಿಯಾಗಿ ಕೋಶ ಸಾಯುತ್ತೆ. ಗಿಡದ ಸಾರ ಆ ಹಾನಿ ತಡೆಯುತ್ತಾ ನೋಡೋಣ ಅಂತ ಲ್ಯಾಬಲ್ಲಿ ಇಲಿಗೆ ಕೆಲವು ದಿನ ಗಿಡದ ಸಾರ ಕುಡಿಸಿ, ಕೆಜಿ ತೂಕಕ್ಕೆ 5ರಿಂದ 7 ಮಿಲಿಗ್ರಾಂನಂತೆ ಸಿಸ್‌ಪ್ಲಾಟಿನ್ ಚುಚ್ಚಿ, ಕೆಲವು ದಿನ ಬಿಟ್ಟು ರಕ್ತದ ಯೂರಿಯಾ, ಕ್ರಿಯಾಟಿನಿನ್ ನೋಡ್ತಾರೆ, ಕಿಡ್ನಿಯ ತೆಳು ಸೀಳು ಮಾಡಿ ಮೈಕ್ರೋಸ್ಕೋಪಲ್ಲೂ ನೋಡ್ತಾರೆ. ಬರೀ ಸಿಸ್‌ಪ್ಲಾಟಿನ್ ತಗೊಂಡ ಇಲಿಯಲ್ಲಿ ನಳಿಕೆಯ ಒಳಪದರ, ಮಳೆಗಾಲದಲ್ಲಿ ಹಳೇ ಗೋಡೆ ಸುಣ್ಣ ಉದುರಿದ ಹಾಗೆ ಕಳಚಿ ನಳಿಕೇನೇ ಕಟ್ಟಿಕೊಂಡಿರುತ್ತೆ. ಅರಿಶಿನದ ಕರ್ಕ್ಯುಮಿನ್ ಕೊಟ್ಟ ಇಲಿಯಲ್ಲಿ ಆ ಪದರ ಎಷ್ಟೋ ವಾಸಿ ನಿಂತಿರುತ್ತೆ. ನೋಡಿದ್ರೆ ಯಾರಿಗಾದ್ರೂ ಆಸೆ ಹುಟ್ಟುತ್ತೆ.

ಆದ್ರೆ ಇಂಥ ಬಹಳಷ್ಟು ಪ್ರಯೋಗದಲ್ಲಿ ಇಲಿಗೆ ಕ್ಯಾನ್ಸರ್ ಗಡ್ಡೆನೇ ಇರಲ್ಲ. ಕಿಡ್ನಿ ಉಳಿಸಿದ ಸಾರ ಗಡ್ಡೆನೂ ಉಳಿಸಿಬಿಟ್ರೆ? ಅಮೆರಿಕದಲ್ಲಿ 2022ರಲ್ಲಿ ಸೋಡಿಯಂ ಥಯೋಸಲ್ಫೇಟ್ ಅನ್ನೋ ಔಷಧಿಗೆ ಒಪ್ಪಿಗೆ ಸಿಕ್ತು, ಸಿಸ್‌ಪ್ಲಾಟಿನ್ ತಗೊಳ್ಳೋ ಮಕ್ಕಳ ಕಿವಿ ಕೇಳಿಸೋದು ಹೋಗದಿರಲಿ ಅಂತ. ಅದನ್ನೂ ಡ್ರಿಪ್ ಮುಗಿದು 6 ಗಂಟೆ ಆದಮೇಲೇ ಕೊಡೋದು, ಮುಂಚೆ ಕೊಟ್ರೆ ಸಿಸ್‌ಪ್ಲಾಟಿನ್ ಕೆಲಸ ಕೆಡಬಹುದು ಅಂತ. ಹಿತ್ತಲ ಕಷಾಯಕ್ಕೆ ಇಂಥ ಗಂಟೆ, ಅಳತೆ ಎಲ್ಲಿದೆ ಹೇಳಿ?

ಗಿಡ ಅಂದ್ರೆ ತಂಪು, ಏನೂ ಆಗಲ್ಲ ಅನ್ನೋ ಮಾತೂ ಬೇಡ. ನಮ್ಮ ಕಡೆ ಉಪ್ಪಿನಕಾಯಿ ಹಾಕೋ ಬಿಂಬುಳಿ ಇದ್ಯಲ್ಲ, ಅದರ ಜ್ಯೂಸ್ ಕುಡಿದು ಕೇರಳದಲ್ಲಿ ಜನರ ಕಿಡ್ನಿ ಆಕ್ಸಲೇಟ್ ಹರಳಿಂದ ಕೆಟ್ಟಿದ್ದು 2013ರಲ್ಲಿ ವರದಿಯಾಗಿದೆ. ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ ಹೆದರಬೇಡಿ, ಕ್ಯಾಪ್ಸೂಲು, ಗಟ್ಟಿ ಕಷಾಯ ಬೇರೆ ಲೆಕ್ಕ.

0.4 ಏರಿದ್ದು ಸಣ್ಣದಲ್ಲ, ಮುಂದಿನ ಡ್ರಿಪ್‌ಗೆ ಮುಂಚೆನೇ ಫೋನ್ ಮಾಡಿ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡ್ಬೇಕಾ, ಔಷಧಿ ಬದಲಿಸ್ಬೇಕಾ, ಸಲೈನ್ ಜೊತೆ ಮೆಗ್ನೀಷಿಯಂ ಹಾಕ್ತಿದ್ದೀರಾ, ಎಲ್ಲಾ ಕೇಳಿ. ರೇಡಿಯೇಶನ್ನಿಂದ ಬಾಯಿ ಹುಣ್ಣಾಗಿ ನುಂಗೋಕೆ ಕಷ್ಟ ಆಗಿ ನೀರೇ ಕಮ್ಮಿ ಕುಡೀತಿರ್ತಾರೆ, ಕಿಡ್ನಿಗೆ ಅದೇ ದೊಡ್ಡ ಪೆಟ್ಟು, ತಣ್ಣಗಿನ ಗಂಜಿ ತಿಳಿ, ನೀರು ಮಜ್ಜಿಗೆ ಸ್ವಲ್ಪ ಸ್ವಲ್ಪ ಕುಡಿಸ್ತಾನೇ ಇರಿ. ನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಲೇಬೇಡಿ. ಮೂತ್ರ ಕಮ್ಮಿಯಾದ್ರೆ, ವಾಂತಿ ನಿಲ್ಲದಿದ್ರೆ ಅವತ್ತೇ ಕರ್ಕೊಂಡು ಹೋಗಿ.

ಕಷಾಯ ಈಗಾಗಲೇ ಎರಡು ಮೂರು ಸಲ ಕೊಟ್ಟಾಗಿದ್ರೆ ಬೈತಾರೆ ಅಂತ ಮುಚ್ಚಿಡಬೇಡಿ, ಆ ಗಿಡದ ಒಂದು ರೆಂಬೆ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ತೋರಿಸಿ.