ಮಲಾವಿಯ ಹಳ್ಳಿಯಲ್ಲಿ ಮಿಶನ್ ಸಂಸಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಧ್ಯ ಮಲಾವಿಯ ಕಸುಂಗು ಜಿಲ್ಲೆಯ ಹಳ್ಳಿಯೊಂದಕ್ಕೆ ಬಂದಿದ್ದೇವೆ. ಮೊದಲ ಮಳೆಗಾಲ ಮುಗಿಯುತ್ತ ಬಂತು. ನಮ್ಮವರು ಮಿಶನ್ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾರೆ. ಹೆಂಗಸರ ಕೂಟ ನಡೆಸುವುದು ನನ್ನ ಪಾಲಿನ ಸೇವೆ ಎಂದು ನಿಶ್ಚಯವಾಗಿತ್ತು. ಆದರೆ ನೀರು ಹೊರುವುದು, ಒಲೆ ಊದುವುದು, ಬಟ್ಟೆ ಒಗೆಯುವುದರಲ್ಲೇ ದಿನ ಮುಗಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಬಂದರೂ ಕೆಟ್ಟ ಕನಸು. ಮಕ್ಕಳ ಮೇಲೆ ರೇಗುತ್ತೇನೆ. ದೇವರ ಕರೆಯನ್ನು ತಪ್ಪಾಗಿ ತಿಳಿದೆನೇ?
– ಉಡುಪಿ ಕಡೆಯ ಓದುಗರು, ಈಗ ಮಲಾವಿ

ಉತ್ತರ: ಸಹೋದರಿಯವರೇ, ಕರೆಯ ವಿಚಾರಕ್ಕೆ ಮುಂಚೆ ಮಾತ್ರೆಯ ವಿಚಾರ. ಮಲೇರಿಯ ಬಾರದಂತೆ ವಾರಕ್ಕೊಮ್ಮೆ ಮೆಫ್ಲೊಕ್ವಿನ್ ನುಂಗುತ್ತಿದ್ದೀರಾ? ಹೌದಾದರೆ ನಿದ್ರಾಹೀನತೆ, ಕೆಟ್ಟ ಕನಸು, ಕುಗ್ಗಿದ ಮನಸ್ಸು ಇವೆಲ್ಲ ಆ ಮಾತ್ರೆಯ ಅಡ್ಡಪರಿಣಾಮವೇ ಇರಬಹುದು. ಆಸ್ಪತ್ರೆಯ ಡಾಕ್ಟರಿಗೆ ನಾಳೆಯೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ದಿನಕ್ಕೊಂದು ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಅಥವಾ ಅಟೊವಕ್ವೋನ್-ಪ್ರೊಗ್ವಾನಿಲ್‌ಗೆ ಬದಲಾಯಿಸಲು ಸಾಧ್ಯ. ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ. ಎಷ್ಟೋ ಸಂಸಾರಗಳಲ್ಲಿ ಇದನ್ನು ನಂಬಿಕೆಯ ಕೊರತೆ ಎಂದೇ ಭಾವಿಸಿ ಸುಮ್ಮನೆ ನೊಂದುಕೊಳ್ಳುತ್ತಾರೆ.

ಇನ್ನು ದಿನದ ಲೆಕ್ಕ. ನಲ್ಲಿ, ಗ್ಯಾಸ್, ಪೇಟೆ ಮೂರೂ ಇಲ್ಲದ ಕಡೆ ನಾಲ್ಕು ಜನರ ಮನೆ ನಡೆಸುವುದು ಒಬ್ಬ ಹೆಂಗಸಿಗೆ ಪೂರ್ತಿ ದಿನದ ಕೆಲಸ. ನಿಮ್ಮ ನೆರೆಯವರಿಗೂ ಅಷ್ಟೇ. ಅವರಿಗೆ ಅತ್ತಿಗೆ, ತಂಗಿ, ಬೆಳೆದ ಹೆಣ್ಣುಮಕ್ಕಳು ಕೈಗೂಡಿಸುತ್ತಾರೆ. ಆದ್ದರಿಂದ ಮೊದಲ ವರ್ಷದ ಸೇವೆಯೆಂದರೆ ಮನೆ ನಿಲ್ಲಿಸುವುದು ಮತ್ತು ಅಲ್ಲಿಯ ಚಿಚೆವಾ ಭಾಷೆ ಕಲಿಯುವುದು. ಕೂಟವನ್ನು ಒಂದು ವರ್ಷ ಮುಂದಕ್ಕೆ ಹಾಕಬೇಕೆಂದು ಕಳಿಸಿದ ಸಭೆಗೆ ಪತ್ರ ಬರೆಯಿರಿ. ಭಾಷೆ ಬಾರದೆ ನಡೆಸಿದ ಕೂಟದಲ್ಲಿ ಹೆಂಗಸರು ನಗುನಗುತ್ತ ಕೂರುತ್ತಾರೆ, ಒಬ್ಬರೂ ತಮ್ಮ ಕಷ್ಟ ಹೇಳುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಪಾಠ, ಸಂಜೆ ಒಂದು ಅಂಗಳದಲ್ಲಿ ಕೂತು ಮಾತು, ಇಷ್ಟನ್ನು ಬಿಡದೆ ಮಾಡಿ.

ಮನೆಗೆಲಸಕ್ಕೆ ಊರಿನ ಒಬ್ಬ ಹೆಂಗಸನ್ನು ನ್ಯಾಯವಾದ ಸಂಬಳಕ್ಕೆ ಇಟ್ಟುಕೊಳ್ಳಿ. ಮಿಶನರಿಗೆ ಆಳು ಬೇಕೆ ಎಂದು ಹಿಂಜರಿಯಬೇಡಿ. ಸಂಬಳ ಬರುವ ನೀವು ಯಾರಿಗೂ ಕೆಲಸ ಕೊಡದಿದ್ದರೆ ಅದು ಊರಿಗೆ ಜಿಪುಣತನವಾಗಿ ಕಾಣುತ್ತದೆ.

ನೀರು: ಒಬ್ಬರಿಗೆ ದಿನಕ್ಕೆ 20 ಲೀಟರ್ ಎಂದರೆ ನಿಮ್ಮ ಮನೆಗೆ ನಾಲ್ಕು ಬಕೆಟ್, ಬಟ್ಟೆ ಒಗೆಯುವ ದಿನ ಎಂಟು. ಅಭ್ಯಾಸವಿಲ್ಲದ ಕುತ್ತಿಗೆಯ ಮೇಲೆ ಹೊರಬೇಡಿ. ಸೈಕಲ್ಲಿಗೆ 20 ಲೀಟರಿನ ಎರಡು ಕ್ಯಾನ್ ಕಟ್ಟಿ ತನ್ನಿ, ಅದು ನಿಮ್ಮವರ ಬೆಳಗಿನ ಕೆಲಸವಾಗಲಿ. ತಗಡಿನ ಮಾಡಿಗೆ ದೋಣಿ ಕಟ್ಟಿಸಿ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 40 ಚದರ ಮೀಟರಿನ ಮಾಡಿಗೆ 20 ಮಿಲಿಮೀಟರ್ ಮಳೆಯಾದರೆ, ಸೋರಿಕೆ ಕಳೆದೂ 600 ಲೀಟರ್ ದಕ್ಕುತ್ತದೆ. ಒಣಹವೆಯ ನಂತರ ಬೀಳುವ ಮೊದಲ ನೀರು ಹಕ್ಕಿಯ ಹಿಕ್ಕೆ, ಧೂಳು ತೊಳೆದುಕೊಂಡು ಬರುತ್ತದೆ, ಅದನ್ನು ಹೊರಗೆ ಬಿಡಿ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಪಂಪಿನ ಬಾಯಲ್ಲಿ ಶುದ್ಧ, ಕೆಡುವುದು ಬಕೆಟ್ಟಿನಲ್ಲಿ, ಲೋಟ ಅದ್ದುವ ಕೈಯಲ್ಲಿ. ಕುಡಿಯುವ ನೀರನ್ನು ಮುಚ್ಚಳ ಮತ್ತು ನಲ್ಲಿಯಿರುವ ಪಾತ್ರೆಯಲ್ಲಿಡಿ. ಕ್ಲೋರಿನ್ ದ್ರಾವಣ ಹಾಕುವುದಾದರೆ ಬಾಟಲಿಯ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಕಾಯಿರಿ. ಕದಡಿದ ನೀರಿಗೆ ನೇರವಾಗಿ ಹಾಕಿದರೆ ಕೆಸರೇ ಕ್ಲೋರಿನನ್ನು ತಿಂದುಬಿಡುತ್ತದೆ. ಮೊದಲು ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಡಿ.

ಊರಿನ ಕೈಪಂಪು ಬಹುಶಃ ಆಫ್ರಿದೇವ್ ಎಂಬ ಬಗೆಯದು. ಹಿಡಿಕೆ ಎಷ್ಟೋ ಸಲ ಒತ್ತಿದ ಮೇಲೆ ನೀರು ಬಂದರೆ ತಳದ ಕವಾಟ ಸೋರುತ್ತಿದೆ. ತಕ್ಷಣ ಬಂದರೂ ಒಂದೊಂದು ಒತ್ತಿಗೆ ಸ್ವಲ್ಪವೇ ಬಂದರೆ ಪಿಸ್ಟನ್ನಿನ ರಬ್ಬರ್ ಸೀಲ್ ಸವೆದಿದೆ. ಎರಡೂ ಸಣ್ಣ ಬಿಡಿಭಾಗಗಳು. ಪಂಪಿನ ಸಮಿತಿಗೆ ಎಲ್ಲ ಮನೆಗಳಂತೆ ನಿಮ್ಮ ವಂತಿಗೆಯನ್ನೂ ಕೊಡಿ. ಇಡೀ ರಿಪೇರಿಯ ಹಣ ನೀವೇ ಕೊಟ್ಟರೆ ಸಮಿತಿ ಸಾಯುತ್ತದೆ, ನೀವು ರಜೆಗೆ ಹೋದಾಗ ಪಂಪೂ ನಿಲ್ಲುತ್ತದೆ.

ಒಲೆಗೆ ಮೂರು ಕಲ್ಲು ಬಿಟ್ಟು ಅಲ್ಲಿ ಸಿಗುವ ಸುಟ್ಟ ಮಣ್ಣಿನ ಒಲೆ ಕೊಳ್ಳಿ. ಸೌದೆ, ಹೊಗೆ ಎರಡೂ ಕಡಿಮೆ.

ಪ್ರಶ್ನೆ: ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮಲಾವಿಯಲ್ಲಿದ್ದಾರೆ. ಮಂಗಳೂರಿನಲ್ಲಿ ಮಲೇರಿಯ ಕಂಡವರು ನಾವು. ಮನೆಯಲ್ಲಿ ಉಳಿದಿದ್ದ ಕ್ಲೋರೊಕ್ವಿನ್ ಮಾತ್ರೆಗಳನ್ನು ಕಳಿಸಿಕೊಡಲೇ?
– ಮಂಗಳೂರಿನ ಓದುಗರು

ಉತ್ತರ: ದಯವಿಟ್ಟು ಬೇಡ, ಹಿರಿಯರೇ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯ. ಮಲಾವಿಯಲ್ಲಿ ಬಹುಪಾಲು ಫಾಲ್ಸಿಪೇರಂ ಎಂಬ ಇನ್ನೊಂದು ಬಗೆ, ಅದು ಪುಟ್ಟ ಮಕ್ಕಳನ್ನು ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು. ನಮ್ಮೂರಿನ ಜ್ವರ ಉಂಡವರಿಗೆ ಅಲ್ಲಿಯದರಿಂದ ರಕ್ಷಣೆಯಿದೆ ಎಂದು ನಂಬಿ ಕೂರಬಾರದು. ಮಲಾವಿ ಸರ್ಕಾರ 1993ರಲ್ಲೇ ಕ್ಲೋರೊಕ್ವಿನ್ ಕೈಬಿಟ್ಟಿತು. 2007ರಿಂದ ಅಲ್ಲಿ ಸಾಮಾನ್ಯ ಮಲೇರಿಯಕ್ಕೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಕೊಡುತ್ತಾರೆ.

ಮಗನಿಗೆ ಇಷ್ಟು ಬರೆಯಿರಿ. ಮಗುವಿನ ಮೈ ಬಿಸಿಯಾದ ದಿನವೇ ರಕ್ತ ಪರೀಕ್ಷೆ, ನಾಳೆ ನೋಡೋಣ ಎನ್ನಬಾರದು. ಔಷಧಿ ಮೂರು ದಿನಕ್ಕೆ ಆರು ಸಲ: ಮೊದಲನೆಯದು ಕೊಟ್ಟು ಎಂಟು ಗಂಟೆ ಕಳೆದ ಮೇಲೆ ಎರಡನೆಯದು, ಆಮೇಲೆ ಬೆಳಿಗ್ಗೆ-ಸಂಜೆ. ಮಾತ್ರೆಯ ಸಂಖ್ಯೆ ಮಗುವಿನ ತೂಕದ ಮೇಲೆ ನಿಲ್ಲುತ್ತದೆ, ಅದನ್ನು ಆಸ್ಪತ್ರೆಯವರೇ ಹೇಳಬೇಕು. ಹಾಲಿನ ಜೊತೆಗೋ ಕಡಲೆಕಾಯಿ ಹಿಟ್ಟು ಕಲೆಸಿದ ಗಂಜಿಯ ಜೊತೆಗೋ ಕೊಡಬೇಕು, ಏಕೆಂದರೆ ಜಿಡ್ಡಿಲ್ಲದೆ ಈ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜ್ವರ ಇಳಿಯಿತೆಂದು ಎರಡನೇ ದಿನ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ನುಂಗಿದ್ದನ್ನೆಲ್ಲ ವಾಂತಿ ಮಾಡುವ, ಮಂಪರಾಗುವ, ಫಿಟ್ಸ್ ಬರುವ ಮಗುವಿಗೆ ಮಾತ್ರೆ ಸಾಲದು, ಇಂಜೆಕ್ಷನ್ ಬೇಕು, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ಬೆರಳು ಚುಚ್ಚಿ ಮಾಡುವ ಕಿಟ್ ಪರೀಕ್ಷೆ, ಪರಾವಲಂಬಿ ಸತ್ತ ಮೇಲೂ ಕೆಲವು ವಾರ ‘ಪಾಸಿಟಿವ್’ ತೋರಿಸುತ್ತಿರಬಹುದು. ಇದು ಗೊತ್ತಿಲ್ಲದೆ ಮಕ್ಕಳಿಗೆ ಮತ್ತೆ ಮತ್ತೆ ಔಷಧಿ ಕೊಡುವವರಿದ್ದಾರೆ, ನಿಜವಾದ ಕಾರಣ, ಅಂದರೆ ಟೈಫಾಯ್ಡೋ ಕಿವಿಯ ಸೋಂಕೋ, ಹಾಗೇ ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಸ್ಲೈಡ್ ಪರೀಕ್ಷೆ ಬೇಕು. ಮಗ ಲ್ಯಾಬಿನವರೇ ಆಗಿದ್ದರೆ ಇದು ಅವರಿಗೆ ತಿಳಿದಿರುತ್ತದೆ.

ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಮಕ್ಕಳಿಗೆ ಕತ್ತಲಾಗುವ ಮುಂಚೆ ಉದ್ದ ತೋಳಿನ ಬಟ್ಟೆ ಹಾಕಬೇಕು. ಔಷಧಿ ಲೇಪಿಸಿದ ಪರದೆಯನ್ನು ಸೌಮ್ಯ ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು, ಬಿಸಿಲು ಲೇಪವನ್ನು ಕೆಡಿಸುತ್ತದೆ. ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ, ತಿಂಗಳುಗಳೇ ಕಳೆದಿದ್ದರೂ, ‘ಮಲಾವಿಯಿಂದ ಬಂದವರು’ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಲಿ.

ಪ್ರಶ್ನೆ: ಹಿಂದಿನ ಕಾಲದ ಮಿಶನರಿಗಳು ಇದನ್ನೆಲ್ಲ ಹೇಗೆ ತಾಳಿಕೊಂಡರು?
– ಮೂಡುಬಿದಿರೆಯ ಓದುಗರು

ಉತ್ತರ: ಹಲವರು ತಾಳಿಕೊಳ್ಳಲಿಲ್ಲ, ಸತ್ತರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನೇ ಅದಕ್ಕೂ ಮುಂಚೆ, 1828ರ ಡಿಸೆಂಬರಿನಲ್ಲಿ, ಇಂದಿನ ಘಾನಾದ ಕರಾವಳಿಗೆ ನಾಲ್ವರನ್ನು ಕಳಿಸಿತ್ತು. ಒಂದು ವರ್ಷ ತುಂಬುವುದರೊಳಗೆ ಮೂವರು ತೀರಿಕೊಂಡರು, ನಾಲ್ಕನೆಯವರು 1831ರಲ್ಲಿ. ಆಮೇಲೆ ಬಂದವರಲ್ಲಿ ಬದುಕುಳಿದ ಆಂಡ್ರಿಯಾಸ್ ರೀಸ್ 1835ರಲ್ಲಿ ಕರಾವಳಿ ಬಿಟ್ಟು ಆಕ್ರೊಪಾಂಗ್ ಬೆಟ್ಟದೂರಿಗೆ ಏರಿದರು. 1843ರಲ್ಲಿ ಜಮೈಕಾದಿಂದ ಕಪ್ಪು ಕ್ರೈಸ್ತ ಕುಟುಂಬಗಳನ್ನು ಅಲ್ಲಿಗೆ ಕರೆತಂದ ಮೇಲೆ ಕೆಲಸ ಬೇರೂರಿತು. ಮಲಾವಿಯಲ್ಲೂ ಅದೇ ಕಥೆ: ಸ್ಕಾಟ್ಲೆಂಡಿನವರ ಲಿವಿಂಗ್‌ಸ್ಟೋನಿಯಾ ಮಿಶನ್ 1875ರಲ್ಲಿ ಮಲಾವಿ ಸರೋವರದ ದಂಡೆಯ ಕೇಪ್ ಮೆಕ್ಲಿಯರಿನಲ್ಲಿ ಶುರುವಾಗಿ, ಸಾವುಗಳಿಂದ ಕಂಗೆಟ್ಟು 1881ರಲ್ಲಿ ಬಂಡಾವೆಗೆ, 1894ರಲ್ಲಿ ಎತ್ತರದ ಖೊಂಡೋವೆಗೆ ಹೋಯಿತು. ಎತ್ತರಕ್ಕೆ ಹೋದರೆ ಜ್ವರ ಕಡಿಮೆ ಎಂಬುದು ಅನುಭವದಿಂದ ತಿಳಿದಿತ್ತು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ.

ಪ್ರಶ್ನೆ: ದಿನವೂ ಬಾಗಿಲಿಗೆ ಜನ: ಮೆಕ್ಕೆಜೋಳ, ಸೋಪು, ಶಾಲೆಯ ಫೀಸು. ಮೊದಲು ಕೊಟ್ಟೆವು, ಈಗ ಸಾಲು ಹತ್ತಿದೆ. ಇಲ್ಲವೆಂದರೆ ಕ್ರೈಸ್ತರಾಗಿ ನಮ್ಮ ಸಾಕ್ಷಿ ಕೆಡುತ್ತದೆ, ಕೊಟ್ಟರೆ ಮುಗಿಯುವುದಿಲ್ಲ.
– ಲ್ಯಾಬ್ ತಂತ್ರಜ್ಞರು, ಮಲಾವಿ

ಉತ್ತರ: ಜನವರಿಯಿಂದ ಮಾರ್ಚ್ ಅಲ್ಲಿ ಹಸಿವಿನ ತಿಂಗಳು. ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಏಪ್ರಿಲಿಗೆ. ಅವರು ಕೇಳುವುದು ಆಸೆಯಿಂದಲ್ಲ. ಜೊತೆಗೆ ಮಲಾವಿಯ ಪೇಟೆಗಳಲ್ಲಿ ಗುಜರಾತಿ ಮೂಲದ ವ್ಯಾಪಾರಿ ಮನೆತನಗಳು ತಲೆಮಾರುಗಳಿಂದ ಇವೆ, ಹಾಗಾಗಿ ಭಾರತೀಯ ಮುಖ ಕಂಡರೆ ಅಂಗಡಿಯ ಸಾಹುಕಾರ ಎಂದೇ ಎಣಿಸುತ್ತಾರೆ.

ಅಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ, ಗಾನ್ಯು: ಒಂದು ಸಣ್ಣ ಕೆಲಸ, ಅದಕ್ಕೆ ಹಣ ಅಥವಾ ಜೋಳ. ಕಳೆ ಕೀಳುವುದು, ಹುಲ್ಲು ಸವರುವುದು, ಇಟ್ಟಿಗೆ ಹೊಯ್ಯುವುದು. ದರವನ್ನು ಊರ ಮುಖ್ಯಸ್ಥರನ್ನು ಕೇಳಿ ನಿಗದಿ ಮಾಡಿ. ಹೆಚ್ಚು ಕೊಟ್ಟರೆ ಅಕ್ಕಪಕ್ಕದ ರೈತರಿಗೆ ಆಳು ಸಿಗುವುದಿಲ್ಲ, ಅವರ ಮುನಿಸು ನಿಮಗೆ. ಮೇ-ಜೂನಿನಲ್ಲಿ, ಸುಗ್ಗಿಯ ಬೆಲೆಯಲ್ಲಿ, ನಿಮಗೆ ಬೇಕಾದ್ದಕ್ಕಿಂತ 50 ಕಿಲೋದ ನಾಲ್ಕೈದು ಚೀಲ ಜಾಸ್ತಿ ಕೊಂಡು, ಗಾಳಿಯಾಡದ ಮೂರು ಪದರದ ಚೀಲದಲ್ಲಿಟ್ಟರೆ ಹುಳ ಹಿಡಿಯದು. ಮುದುಕರು, ರೋಗಿಗಳಿಗೆ ಸಭೆಯ ಹಿರಿಯರ ಮೂಲಕ ಕೊಡಿ. ಯಾರಿಗೆ ನಿಜವಾದ ಕೊರತೆ ಎಂಬುದು ಅವರಿಗೆ ಗೊತ್ತು.

ಅದಕ್ಕಿಂತ ದೊಡ್ಡ ವಿಷಯ ಸಾವಿನ ಮನೆ. ಊರಲ್ಲಿ ಸಾವಾದರೆ ಹೊಲದ ಕೆಲಸ ನಿಲ್ಲುತ್ತದೆ, ಎಲ್ಲರೂ ಹೋಗುತ್ತಾರೆ. ನಿಮ್ಮ ಹೆಂಡತಿ ಅಲ್ಲಿಯ ಹೆಂಗಸರಂತೆ ಚಿತೆಂಜೆ ಬಟ್ಟೆ ಸುತ್ತಿ, ತಲೆಗೆ ವಸ್ತ್ರ ಕಟ್ಟಿ, ಒಂದು ಬೋಗುಣಿ ಹಿಟ್ಟೋ ಸೌದೆಯೋ ಹಿಡಿದು ಹೋಗಿ ಹೆಂಗಸರ ನಡುವೆ ನೆಲದ ಮೇಲೆ ಕೂರಲಿ. ನೀವು ಗಂಡಸರ ಕಡೆ ಕೂತು ಹಣದ ವಂತಿಗೆ ಕೊಡಿ. ಮಾತು ಬಾರದಿದ್ದರೆ ಸುಮ್ಮನೆ ಕೂತರೆ ಸಾಕು. ಬಾಗಿಲಲ್ಲಿ ಹತ್ತು ಸಲ ಇಲ್ಲವೆಂದದ್ದನ್ನು ಊರು ಮರೆಯುತ್ತದೆ, ಹೆಣದ ಮನೆಗೆ ಬಾರದವರನ್ನು ಮರೆಯುವುದಿಲ್ಲ.

ಚೆವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ, ಅಕ್ಕತಂಗಿಯರ ಮಕ್ಕಳ ಹೊಣೆ ಸೋದರಮಾವನದು. ಅಳಿಯಸಂತಾನ ಬಲ್ಲ ತುಳುನಾಡಿನವರಿಗೆ ಇದು ಬೇಗ ತಿಳಿಯುತ್ತದೆ. ಹುಡುಗನೊಬ್ಬನ ಓದಿನ ವಿಚಾರವನ್ನು ತಂದೆಯ ಹತ್ತಿರವಷ್ಟೇ ಮಾತಾಡಿ ಮುಗಿಸಬೇಡಿ, ಮಾವನನ್ನೂ ಕೂರಿಸಿಕೊಳ್ಳಿ.

ಪ್ರಶ್ನೆ: ಮಕ್ಕಳು ಅಲ್ಲಿಯ ಊಟ ಮುಟ್ಟುವುದಿಲ್ಲ. ನಾನು ಮಾಡಿದ ನ್ಸಿಮಾ (ಅಲ್ಲಿಯ ಮೆಕ್ಕೆಜೋಳದ ಮುದ್ದೆ) ಗಂಟುಗಂಟು.
– ಅದೇ ಉಡುಪಿಯ ಓದುಗರು

ಉತ್ತರ: ನಮ್ಮ ರಾಗಿ ಮುದ್ದೆಗೆ ಮಾಡುವಂತೆ, ಕುದಿಯುವ ನೀರಿಗೆ ಹಿಟ್ಟು ಸುರಿದಿರಬೇಕು. ನ್ಸಿಮಾ ಗಂಜಿಯಿಂದ ಶುರು. ನಾಲ್ವರಿಗೆ ಒಂದೂವರೆ ಲೀಟರ್ ನೀರು, ಅರ್ಧ ಕಿಲೋಗಿಂತ ತುಸು ಹೆಚ್ಚು ಮೆಕ್ಕೆಜೋಳದ ಹಿಟ್ಟು. ನೀರು ಉಗುರುಬೆಚ್ಚಗಿರುವಾಗ ಹಿಟ್ಟಿನ ನಾಲ್ಕನೇ ಒಂದು ಪಾಲು ಕದಡಿ, ಕೈಬಿಡದೆ ತಿರುವುತ್ತ ಕುದಿಸಿ, ಮುಚ್ಚಿ ಐದಾರು ನಿಮಿಷ ಬೇಯಿಸಿ. ಆಮೇಲೆ ಉಳಿದದ್ದನ್ನು ಹಿಡಿಹಿಡಿಯಾಗಿ ಉದುರಿಸುತ್ತ ಮರದ ಚಪ್ಪಟೆ ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ನಾದಿ. ಪಕ್ಕಕ್ಕೆ ಸಿಹಿಗುಂಬಳದ ಎಳೆ ಸೊಪ್ಪನ್ನು ಟೊಮೆಟೊ, ಕಡಲೆಕಾಯಿ ಪುಡಿ ಹಾಕಿ ಬೇಯಿಸಿ. ಸರೋವರದ ಒಣಮೀನು ಕರಾವಳಿಯ ಮಕ್ಕಳಿಗೆ ರುಚಿಸದೆ ಇರದು. ರಾಗಿಯೂ ಸಿಗುತ್ತದೆ, ಅದರ ತವರೇ ಪೂರ್ವ ಆಫ್ರಿಕದ ಎತ್ತರದ ನಾಡು. ತೊಗರಿಯನ್ನು ದಕ್ಷಿಣ ಮಲಾವಿಯಲ್ಲಿ ಬೆಳೆಯುತ್ತಾರೆ, ಲಿಲೊಂಗ್ವೆಯ ಭಾರತೀಯರ ಅಂಗಡಿಗಳಲ್ಲಿ ಬೇಳೆ ಸಿಗುತ್ತದೆ. ಜೂನ್-ಜುಲೈ ಚಳಿಯಲ್ಲಿ ದೋಸೆ ಹಿಟ್ಟು ಹುಳಿಯದಿದ್ದರೆ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಇಡಿ.

ಪ್ರಶ್ನೆ: ಮುಂದಿನ ವರ್ಷ ನಾವೂ ಹೊರಡುತ್ತೇವೆ. ಏನೇನು ಒಯ್ಯಬೇಕು?
– ಹುಬ್ಬಳ್ಳಿಯ ಓದುಗರು

ಉತ್ತರ: ಕುಕ್ಕರ್, ಅದರ ಮೂರು ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್, ಇವು ಅಲ್ಲಿ ನಿಮ್ಮ ಅಳತೆಗೆ ಸಿಗುವ ಭರವಸೆಯಿಲ್ಲ. ಕರೆಂಟು ನಮ್ಮದರಂತೆ 230 ವೋಲ್ಟ್, ಆದರೆ ಪ್ಲಗ್ ಚೌಕ ಮೂರು ಪಿನ್ನಿನದು. ಹಳ್ಳಿಯಲ್ಲಿ ಸೋಲಾರ್ ಎಂದೇ ಲೆಕ್ಕ ಹಾಕಿ: 100 ವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 400 ವ್ಯಾಟ್-ಗಂಟೆ ಕೊಡುತ್ತದೆ, ಮೋಡವಿದ್ದರೆ ಅರ್ಧವೂ ಕಷ್ಟ. ನಾಲ್ಕು ದೀಪ, ಫೋನು, ಮೂರು ಗಂಟೆ ಲ್ಯಾಪ್‌ಟಾಪ್ ನಡೆಯುತ್ತವೆ, ಮಿಕ್ಸಿ ತಿರುಗುವ ಮೊದಲ ಎಳೆತಕ್ಕೆ ಸಣ್ಣ ಇನ್ವರ್ಟರ್ ಬಿದ್ದುಹೋಗುತ್ತದೆ. ಮಸಾಲೆಗೆ ಊರಿನ ಒರಳೇ ಸಾಕು.

ಹಾವಿನ ಔಷಧಿ ಒಯ್ಯಬೇಡಿ. ನಮ್ಮ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗಾಗಿ ತಯಾರಿಸಿದ್ದು. ಆಫ್ರಿಕದ ಮಾಂಬಾ ಹಾವಿನ ವಿಷಕ್ಕೆ ಅದು ಕೆಲಸ ಮಾಡದು.

ಕಡೆಯದಾಗಿ ಇಸ್ತ್ರಿ ಪೆಟ್ಟಿಗೆ, ಕೆಂಡದ್ದು ಅಲ್ಲೇ ಸಿಗುತ್ತದೆ. ಅಲ್ಲಿಯ ಒಂದು ಬಗೆಯ ನೊಣ ಒದ್ದೆ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳು ಚರ್ಮದೊಳಗೆ ಹೋಗಿ ಕುರುವಾಗುತ್ತದೆ. ಚಡ್ಡಿ, ಲಂಗೋಟಿ, ಹೊದಿಕೆ, ಎಲ್ಲವನ್ನೂ ಎರಡೂ ಬದಿಗೆ, ಮುಖ್ಯವಾಗಿ ಹೊಲಿಗೆಯ ಅಂಚಿಗೆ, ಬಿಸಿ ಇಸ್ತ್ರಿ ಮಾಡಿ. ಆದರೂ ಕುರುವೆದ್ದು ನಡುವೆ ಕಪ್ಪು ಚುಕ್ಕೆ ಕಂಡರೆ ಹಿಸುಕಬೇಡಿ. ವ್ಯಾಸಲೀನ್ ದಪ್ಪಗೆ ಮೆತ್ತಿ ಉಸಿರು ಕಟ್ಟಿಸಿ, ಹುಳು ತಲೆ ಹೊರಗೆ ಹಾಕಿದಾಗ ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರೆ ಇಡಿಯಾಗಿ ಬರುತ್ತದೆ. ತುಂಡಾದರೆ ಗಾಯ ಕೀವು ತುಂಬುತ್ತದೆ.